ಮಲಗಿದ ಮಗುವಿನ ಉಸಿರು

ತುಂಗಭದ್ರೆಯ ಅಣೆಕಟ್ಟಿನ ಬದಿಯಲ್ಲಿರುವ ಟಿ.ಬಿ. ಡ್ಯಾಂ ಬಡಾವಣೆಯಲ್ಲಾಗಲಿ, ಹೊಸಪೇಟೆಯ ಇಕ್ಕಟ್ಟಾದ ಓಣಿಗಳಲ್ಲಾಗಲಿ, ಸಂಡೂರಿನ ಗಣಿಪ್ರದೇಶದ ಹಳ್ಳಿಗಳಲ್ಲಾಗಲಿ, ಕಂಪ್ಲಿಯ ಬತ್ತದ ಬಯಲಿನಲ್ಲಾಗಲಿ ಹೋಗಿ ವಿಚಾರಿಸಿದರೆ, ಕತ್ತು ನಿಲ್ಲದ, ಕಾಲುಗಳು ಒಂದರ ಮೇಲೊಂದು ಬಿಗಿದುಕೊಂಡಿರುವ, ಕಟವಾಯಿಯಿಂದ ಜೊಲ್ಲು ಸುರಿಯುವ ಮಗುವಿರುವ ಮನೆಯೊಂದನ್ನು ಊರವರು ತೋರಿಸಿಯೇ ತೋರಿಸುವರು. ಅದಕ್ಕೆ ಪೋಲಿಯೋ ಆಗಿದೆಯೆಂದು ಕೆಲವರೂ, ಲಕ್ವ ಹೊಡೆದಿದೆಯೆಂದು ಕೆಲವರೂ, ಗ್ರಹದೋಷವೆಂದು ಮತ್ತೆ ಕೆಲವರೂ ಹೇಳುವರು. ಭಾರತದಲ್ಲಿ 2011ರ ಜನವರಿಯ ತರುವಾಯ ಕಾಡು ಪೋಲಿಯೋ ವೈರಸ್ಸಿನ ಒಂದು ಪ್ರಕರಣವೂ ಕಂಡುಬರದಿದ್ದರೂ, ಆ ರೋಗದ ಹೆಸರು ಮಾತ್ರ ನಮ್ಮ ಊರುಗಳನ್ನು ಬಿಟ್ಟು ಹೋಗಿಲ್ಲ. ತಾಯಿಯನ್ನು ಕೇಳಿದರೆ, "ಹುಟ್ಟಿದಾಗ ಕೂಸು ಅಳಲಿಲ್ರಿ" ಎಂಬ ಒಂದೇ ಮಾತಿನಲ್ಲಿ ರೋಗದ ಪೂರ್ವವೃತ್ತಾಂತವೆಲ್ಲ ಮುಗಿಯುವುದು.

ವೈದ್ಯರು ಇದನ್ನು ಸೆರೆಬ್ರಲ್ ಪಾಲ್ಸಿ ಎನ್ನುವರು. ಗರ್ಭದಲ್ಲಿಯೋ, ಪ್ರಸವಕಾಲದಲ್ಲಿಯೋ, ಶೈಶವದ ಮೊದಲ ದಿನಗಳಲ್ಲಿಯೋ, ಇನ್ನೂ ಬೆಳೆಯುತ್ತಿರುವ ಮೆದುಳಿಗೆ ಆಮ್ಲಜನಕದ ಅಭಾವದಿಂದಾಗಲಿ, ಅಕಾಲಪ್ರಸವದಿಂದಾಗಲಿ, ತೀವ್ರವಾದ ಕಾಮಾಲೆಯಿಂದಾಗಲಿ, ಸೋಂಕಿನಿಂದಾಗಲಿ ತಗಲಿದ ಪೆಟ್ಟು, ಶರೀರದ ಚಲನೆಯನ್ನೂ ನಿಲುವನ್ನೂ ಆಳತಕ್ಕ ಕೇಂದ್ರಗಳನ್ನು ಕೆಡಿಸಿ, ಬಾಳಿನುದ್ದಕ್ಕೂ ಉಳಿಯುವ ಒಂದು ಸ್ಥಿತಿಯನ್ನುಂಟುಮಾಡುವುದೇ ಇದರ ಸ್ವರೂಪ. ಸಾವಿರ ಜನನಗಳಲ್ಲಿ ಸುಮಾರು 2ರಿಂದ 3 ಮಕ್ಕಳಿಗೆ ಇದು ಬರುವುದೆಂದು ಲೆಕ್ಕ. ಮೆದುಳಿನ ಗಾಯವೇನೋ ಹೆಚ್ಚುತ್ತ ಹೋಗುವುದಿಲ್ಲ. ಆದರೆ ಆ ಗಾಯದ ಆಳ್ವಿಕೆಗೆ ಒಳಪಟ್ಟ ದೇಹವು ಬೆಳೆಯುತ್ತ ಹೋದಂತೆ, ಬೆನ್ನೆಲುಬು ಡೊಂಕಾಗಿ, ಕೀಲುಗಳು ಬಿಗಿದು, ನುಂಗುವ ಕ್ರಿಯೆ ತಪ್ಪಿ, ಹೊಸ ಹೊಸ ತೊಡಕುಗಳು ತಲೆದೋರುವುವು. ಅವುಗಳಲ್ಲಿ ಹಗಲು ಕಾಣುವಂಥವನ್ನು ಎಲ್ಲರೂ ಬಲ್ಲರು. ರಾತ್ರಿಯ ಹೊತ್ತು ಮಾತ್ರ ಕಾಣಿಸಿಕೊಳ್ಳುವ ಒಂದು ತೊಡಕನ್ನು ಕುರಿತು ಈ ಅಧ್ಯಾಯ.

ಲಂಡನ್ನಿನ ಅಸ್ಥಿವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲಿ ಪ್ರಸೂತಿವೈದ್ಯರ ಸಭೆಯೊಂದರ ಮುಂದೆ ಪ್ರಬಂಧವನ್ನೋದಿ, ಕಷ್ಟಪ್ರಸವಕ್ಕೂ ಮಕ್ಕಳ ಈ ಸ್ನಾಯುಬಿಗಿತಕ್ಕೂ ಸಂಬಂಧವುಂಟೆಂದು ಪ್ರತಿಪಾದಿಸಿದನು. ಮನೋವಿಶ್ಲೇಷಣೆಯ ಪಿತಾಮಹನೆಂದು ಮುಂದೆ ಹೆಸರಾದ ಸಿಗ್ಮಂಡ್ ಫ್ರಾಯ್ಡ್, ಕನಸುಗಳ ಕಡೆಗೆ ತಿರುಗುವುದಕ್ಕೆ ಮುನ್ನ ಇದೇ ರೋಗವನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದು, ಕಷ್ಟಪ್ರಸವವೆಂಬುದು ಎಷ್ಟೋ ವೇಳೆ ಕಾರಣವಾಗಿರದೆ, ಗರ್ಭದಲ್ಲಿಯೇ ನಡೆದುಹೋದ ಹಾನಿಯ ಒಂದು ಲಕ್ಷಣವಾಗಿರಬಹುದೆಂದು ಶಂಕಿಸಿದನು. "ಅಳಲಿಲ್ರಿ" ಎಂಬ ತಾಯಿಯ ಮಾತನ್ನು ಕೇಳಿದೊಡನೆ ಸೂಲಗಿತ್ತಿಯ ಮೇಲೆಯೋ ದಾದಿಯ ಮೇಲೆಯೋ ದೋಷವನ್ನು ಹೊರಿಸಹೊರಡುವವರು ಈ ಶಂಕೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಈ ಇಬ್ಬರಿಗಿಂತ ನಮ್ಮ ಪ್ರಸ್ತಾಪಕ್ಕೆ ಹತ್ತಿರದವನು ವಿಲಿಯಂ ಆಸ್ಲರ್. ಅವನು 1889ರಲ್ಲಿ ಮಕ್ಕಳ ಸೆರೆಬ್ರಲ್ ಪಾಲ್ಸಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. 1892ರಲ್ಲಿ ಹೊರಬಂದ ತನ್ನ ಪ್ರಸಿದ್ಧವಾದ ವೈದ್ಯಪಠ್ಯದಲ್ಲಿ, ಟಾನ್ಸಿಲ್ ಉಬ್ಬಿ ಬಾಯಿಂದ ಉಸಿರಾಡುವ ಮಕ್ಕಳು ರಾತ್ರಿ ಸದ್ದುಮಾಡಿ ಉಸಿರೆಳೆಯುತ್ತ, ನಡುನಡುವೆ ಉಸಿರು ನಿಲ್ಲಿಸಿ, ಹಗಲು ಮಂಕಾಗಿರುವುದನ್ನೂ ವರ್ಣಿಸಿದನು. ಹೀಗೆ ಒಬ್ಬನೇ ವೈದ್ಯನ ಲೇಖನಿಯಿಂದ ಮೂರು ವರುಷಗಳ ಅಂತರದಲ್ಲಿ ಎರಡು ವರ್ಣನೆಗಳೂ ಬಂದುವಾದರೂ, ಎರಡೂ ಒಂದೇ ಮಗುವಿನಲ್ಲಿ ಕೂಡಿದಾಗ ಏನಾಗುವುದೆಂಬುದನ್ನು ಯಂತ್ರಗಳಿಂದ ಅಳೆದು ನೋಡುವ ಕಾಲ ಬರಲು ಹತ್ತಿರ ಹತ್ತಿರ ಒಂದು ಶತಮಾನ ಹಿಡಿಯಿತು. ಮಕ್ಕಳಲ್ಲಿ ನಿದ್ರಾಕಾಲದ ಶ್ವಾಸಸ್ತಂಭನವನ್ನು, ಎಂದರೆ ಇಂದು ಪತ್ರಿಕೆಗಳಲ್ಲಿಯೂ ಪ್ರಚಾರದಲ್ಲಿರುವ ಸ್ಲೀಪ್ ಆಪ್ನಿಯಾ ಎಂಬುದನ್ನು, ಕ್ರಿಶ್ಚಿಯನ್ ಗಿಯೆಮಿನೋ ಮತ್ತು ಅವನ ಸಂಗಡಿಗರು ಎಂಟು ಮಕ್ಕಳ ದೃಷ್ಟಾಂತದಿಂದ ವಿವರಿಸಿದ್ದು 1976ರಲ್ಲಿ.

ಈ ಸ್ತಂಭನವು ಹೇಗೆ ಉಂಟಾಗುವುದೆಂಬುದನ್ನು ತಿಳಿಯಲು ಕಂಪ್ಲಿಯ ಕಡೆಯ ರೈತನಿಗೆ ಶರೀರಶಾಸ್ತ್ರದ ಪಾಠವು ಬೇಕಾಗಿಲ್ಲ. ಹೊಳೆಗೆ ಎಂಜಿನ್ ಇಟ್ಟು ನೀರೆತ್ತುವಾಗ, ಪಂಪಿನಿಂದ ಗದ್ದೆಗೆ ನೀರನ್ನೊಯ್ಯುವ ಪೈಪು ಸುರುಳಿ ಸುತ್ತಿಡಬಹುದಾದಷ್ಟು ಮೆತ್ತಗಿದ್ದರೂ ನಡೆಯುವುದು, ಏಕೆಂದರೆ ಒಳಗಣ ನೀರಿನ ಒತ್ತಡವೇ ಅದನ್ನು ಉಬ್ಬಿಸಿ ಹಿಡಿದಿರುವುದು. ಆದರೆ ಹೊಳೆಯಿಂದ ನೀರನ್ನು ಹೀರುವ ಸಕ್ಷನ್ ಪೈಪು ಗಟ್ಟಿಯಾದ ಸುರುಳಿಗಳಿಂದ ಬಿಗಿದದ್ದಾಗಿಯೇ ಇರಬೇಕು, ಇಲ್ಲವಾದರೆ ಪಂಪು ಎಳೆದೊಡನೆ ಅದರ ಗೋಡೆಗಳು ಒಳಕ್ಕೆ ಕುಸಿದು ಅಂಟಿಕೊಂಡು, ಎಂಜಿನ್ ಎಷ್ಟು ಜೋರಾಗಿ ಎಳೆಯುವುದೋ ದಾರಿಯು ಅಷ್ಟೂ ಬಿಗಿಯಾಗಿ ಮುಚ್ಚುವುದು. ಉಸಿರೆಳೆಯುವ ಕ್ರಿಯೆಯೂ ಹೀರುವ ಕ್ರಿಯೆಯೇ. ಎದೆಯೊಳಗಿನ ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳುಂಟು. ಮೂಗಿನೊಳಗೆ ಎಲುಬಿನ ಆಸರೆಯುಂಟು. ಅವೆರಡರ ನಡುವಣ ಗಂಟಲಿಗೆ ಮಾತ್ರ, ನುಂಗುವುದಕ್ಕೂ ಮಾತಾಡುವುದಕ್ಕೂ ಅನುಕೂಲವಾಗಲೆಂದು, ಪ್ರಕೃತಿಯು ಯಾವ ಗಟ್ಟಿಯಾದ ಆವರಣವನ್ನೂ ಕೊಡದೆ, ಅದನ್ನು ತೆರೆದು ಹಿಡಿಯುವ ಕೆಲಸವನ್ನು ನಾಲಗೆ, ಅಂಗುಳ, ದವಡೆಗಳ ಸ್ನಾಯುಗಳಿಗೆ ವಹಿಸಿದೆ. ಎಚ್ಚರವಿದ್ದಾಗ ಈ ಸ್ನಾಯುಗಳು ಪ್ರತಿಯೊಂದು ಉಸಿರಿಗೂ ಒಂದು ಕ್ಷಣ ಮುಂಚಿತವಾಗಿಯೇ ಬಿಗಿದು ದಾರಿಯನ್ನು ಕಾಯುವುವು. ನಿದ್ರೆಯಲ್ಲಿ ಎಲ್ಲರಿಗೂ ಅವು ಸಡಿಲವಾಗುವುವು. ಆರೋಗ್ಯವಂತನಿಗೆ ಅಷ್ಟು ಸಡಿಲಿಕೆಯಿಂದ ಬಾಧಕವಿಲ್ಲ.

ಸೆರೆಬ್ರಲ್ ಪಾಲ್ಸಿಯ ಮಗುವಿನಲ್ಲಿಯಾದರೋ ಈ ಕಾವಲೇ ಮೊದಲಿನಿಂದ ಅವ್ಯವಸ್ಥಿತ. ಕೈಕಾಲುಗಳು ಸೆಟೆದು ಬಿಗಿದಿದ್ದ ಮಾತ್ರಕ್ಕೆ ಗಂಟಲೂ ಬಿಗಿಯಾಗಿರುವುದೆಂದು ಭಾವಿಸಬಾರದು. ಹಲವು ಮಕ್ಕಳಲ್ಲಿ ಅದು ಜೋಲಾಗಿರುವುದು, ಇಲ್ಲವೆ ಬಿಗಿಯಬೇಕಾದ ಹೊತ್ತಿಗೆ ಬಿಗಿಯದೆ ಬೇರೆ ಹೊತ್ತಿನಲ್ಲಿ ಬಿಗಿಯುವುದು. ಕೆಳದವಡೆ ಚಿಕ್ಕದಾಗಿ ಹಿಂದಕ್ಕೆ ಸರಿದಿದ್ದರೆ ನಾಲಗೆಯು ಗಂಟಲಿನೊಳಕ್ಕೆ ಬೀಳುವುದು. ನುಂಗಲಾರದ ಜೊಲ್ಲು, ಅಂಗಾತ ಮಲಗಿದಾಗ ಹೊರಕ್ಕೆ ಹರಿಯದೆ ಗಂಟಲಲ್ಲಿ ನಿಲ್ಲುವುದು. ಜಠರದ ಆಮ್ಲವು ಮೇಲೇರಿ ಬಂದು ಗಂಟಲನ್ನು ಕೆರಳಿಸುವುದೂ ಈ ಮಕ್ಕಳಲ್ಲಿ ಸಾಮಾನ್ಯ. ಬೆನ್ನು ಡೊಂಕಾಗಿ ಎದೆಗೂಡು ಅದುಮಿದ್ದರೆ ಶ್ವಾಸಕೋಶವು ಪೂರ್ತಿಯಾಗಿ ಅರಳಲಾರದು. ಇವೆಲ್ಲದರ ಮೇಲೆ, ಬಾಲ್ಯದಲ್ಲಿ ಎಲ್ಲ ಮಕ್ಕಳಿಗೂ ಕೊಂಚ ದೊಡ್ಡದಾಗಿಯೇ ಇರುವ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿಗಳು ಊದಿಕೊಂಡುವೆಂದರೆ, ಇದ್ದ ಅಲ್ಪ ಅವಕಾಶವೂ ಹೋದಂತೆಯೇ. ಕೆಲವು ಮಕ್ಕಳಲ್ಲಿ ದಾರಿ ತೆರೆದಿದ್ದರೂ, ಉಸಿರಾಡೆಂಬ ಆಜ್ಞೆಯೇ ಮೆದುಳಿನಿಂದ ಸಕಾಲಕ್ಕೆ ಬಾರದಿರುವುದೂ ಉಂಟು. ಅದು ಬೇರೆ ಬಗೆ, ಅದರ ಚಿಕಿತ್ಸೆಯೂ ಬೇರೆ.

ಇಂತಹ ಮಗುವಿನ ಪಕ್ಕದಲ್ಲಿ ಬೆಳಗಿನ ಜಾವದ ನಾಲ್ಕು ಗಂಟೆಗೆ, ಅಂಗಿಯನ್ನು ಕಳಚಿ, ಎದೆಯೂ ಹೊಟ್ಟೆಯೂ ದೀಪದ ಬೆಳಕಿಗೆ ಕಾಣುವಂತೆ ಮಾಡಿ, ಎರಡು ನಿಮಿಷ ಸುಮ್ಮನೆ ನೋಡಬೇಕು. ಕತ್ತನ್ನು ಹಿಂದಕ್ಕೆ ಚಾಚಿ, ಬಾಯಿ ತೆರೆದು ಮಲಗಿದೆ. ಗೊರಕೆಯು ಏರುತ್ತಿದೆ. ಉಸಿರೆಳೆದಾಗಲೆಲ್ಲ ಕೊರಳಿನ ಬುಡದ ಗುಳಿಯು ಒಳಕ್ಕೆ ಹೋಗುವುದು, ಪಕ್ಕೆಲುಬುಗಳ ನಡುವೆ ಚರ್ಮವು ಸೆಳೆದುಕೊಳ್ಳುವುದು. ಹೊಟ್ಟೆ ಉಬ್ಬುವಾಗ ಎದೆಯು ತಗ್ಗುವುದು, ಎದೆ ಏಳುವಾಗ ಹೊಟ್ಟೆ ತಗ್ಗುವುದು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಎದೆ ಹೊಟ್ಟೆಗಳ ಸೆಣಸಾಟವು ನಿಂತಿಲ್ಲ. ಮೂಗಿನ ಮುಂದೆ ಬೆರಳಿನ ಹಿಂಬದಿಯನ್ನು ಹಿಡಿದರೆ ಗಾಳಿಯ ಸುಳಿವಿಲ್ಲ. ಹಣೆಯ ಕೂದಲ ಅಂಚಿನಲ್ಲಿ ಬೆವರು. ಆಮೇಲೆ ಕೈಕಾಲುಗಳು ಒಮ್ಮೆ ಸೆಟೆದು, ಗೊರ್ರೆಂಬ ಶಬ್ದದೊಡನೆ ಉಸಿರು ಒಳನುಗ್ಗುವುದು, ಅರ್ಧ ಎಚ್ಚರಗೊಂಡ ಮಗು ಮತ್ತೆ ನಿದ್ರೆಗೆ ಜಾರುವುದು, ಮತ್ತೆ ಮೊದಲಿನಂತೆಯೇ. ವಯಸ್ಕರಲ್ಲಿ ಹತ್ತು ಸೆಕೆಂಡು ಉಸಿರು ನಿಂತರೆ ಅದನ್ನು ಒಂದು ಸ್ತಂಭನವೆಂದೆಣಿಸುವರು. ಮಕ್ಕಳಲ್ಲಿ ಎರಡು ಉಸಿರಿನ ಹೊತ್ತು ತಪ್ಪಿದರೆ ಸಾಕು. ವಯಸ್ಕರಿಗೆ ಗಂಟೆಗೆ ಐದರವರೆಗೆ ರಿಯಾಯಿತಿಯುಂಟು. ಮಕ್ಕಳಲ್ಲಿ ಗಂಟೆಗೆ ಒಂದನ್ನು ಮೀರಿದರೂ ಅಸಹಜವೆಂದೇ ಗಣನೆ.

ಬೆಳಗಿನ ಜಾವವನ್ನೇ ಹೇಳಿದ್ದಕ್ಕೆ ಕಾರಣವುಂಟು. ತುಂಗಭದ್ರೆಯ ಕಾಲುವೆಗಳಿಗೆ ನೀರು ಬಿಟ್ಟ 1953ನೆಯ ಇಸವಿಯಲ್ಲಿಯೇ, ಶಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನೆಥಾನಿಯಲ್ ಕ್ಲೈಟ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು, ಮಲಗಿದವರ ಕಣ್ಣಾಲಿಗಳು ಮುಚ್ಚಿದ ರೆಪ್ಪೆಯೊಳಗೆ ವೇಗವಾಗಿ ಚಲಿಸುವ ಒಂದು ನಿದ್ರಾವಸ್ಥೆಯುಂಟೆಂದು ಪ್ರಕಟಿಸಿದರು. ಕನಸುಗಳ ಬಹುಭಾಗವು ನಡೆಯುವ ಈ ಅವಸ್ಥೆಯಲ್ಲಿ, ವಪೆಯೊಂದನ್ನು ಬಿಟ್ಟು ಉಸಿರಾಟಕ್ಕೆ ನೆರವಾಗುವ ಉಳಿದ ಸ್ನಾಯುಗಳು ಬಹುಮಟ್ಟಿಗೆ ಸಡಿಲಗೊಳ್ಳುವುವು. ರಾತ್ರಿಯ ಕಡೆಯ ಭಾಗದಲ್ಲಿ ಇದು ಹೆಚ್ಚು ಹೊತ್ತು ಇರುವುದು. ಆದುದರಿಂದ ಮಕ್ಕಳಲ್ಲಿ ಸ್ತಂಭನವು ಬಲಿಯುವುದೂ ಆಗಲೇ. ಒಂಬತ್ತು ಗಂಟೆಗೆ ಮಗುವನ್ನು ಮಲಗಿಸಿ, ಹತ್ತರವರೆಗೆ ನೋಡಿ, ಏನೂ ತೊಂದರೆಯಿಲ್ಲವೆಂದು ನಿರ್ಧರಿಸುವುದು ಸಾಲದು.

ಆರೋಗ್ಯವಂತ ಮಗುವಾದರೆ ಉಸಿರು ಕಟ್ಟಿದಾಗ ನಿದ್ರೆಯಲ್ಲಿಯೇ ಮಗ್ಗುಲಾಗಿಯೋ, ಬೋರಲಾಗಿಯೋ, ತನಗೆ ತಾನೇ ದಾರಿ ಮಾಡಿಕೊಳ್ಳುವುದು. ತೀವ್ರವಾದ ಸೆರೆಬ್ರಲ್ ಪಾಲ್ಸಿಯುಳ್ಳ ಮಗುವಿಗೆ ಆ ಸ್ವಾತಂತ್ರ್ಯವೂ ಇಲ್ಲ. ಸುರೇಶ್ ಕೋಟಗಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂತಹ ಮಕ್ಕಳಿಗೆ ಶ್ವಾಸಸ್ತಂಭನವು ಹೆಚ್ಚಾಗಿದ್ದುದಲ್ಲದೆ, ರಾತ್ರಿ ಮಗ್ಗುಲು ಬದಲಿಸುವ ಶಕ್ತಿಯೂ ಕುಂದಿದ್ದುದು ಕಂಡುಬಂದಿತು. ಮಲಗಿಸಿದ ಹಾಗೆಯೇ ಬೆಳಗಿನವರೆಗೂ ಬಿದ್ದಿರುವ ಮಗುವನ್ನು "ಒಂದೂ ಸಲ ಹೊರಳಾಡದೆ ಮಲಗ್ಯಾನ" ಎಂದು ಮನೆಯವರು ಹೊಗಳುವಾಗ, ಅದು ಹೊರಳಲಾರದೆ ಬಿದ್ದಿತ್ತೆಂಬುದು ಯಾರಿಗೂ ಹೊಳೆಯುವುದಿಲ್ಲ. ಐರ್ಲೆಂಡಿನಲ್ಲಿ ಸೆರೆಬ್ರಲ್ ಪಾಲ್ಸಿಯುಳ್ಳ 6ರಿಂದ 11 ವರುಷದ 173 ಮಕ್ಕಳ ತಾಯಂದಿರನ್ನೂ ಪೋಷಕರನ್ನೂ ಪ್ರಶ್ನಾವಳಿಯ ಮೂಲಕ ವಿಚಾರಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇಕಡ 23ರಷ್ಟು ಮಕ್ಕಳ ನಿದ್ರೆಯು ರೋಗಗ್ರಸ್ತವೆಂದು ಕಂಡಿತು. ಸಾಮಾನ್ಯ ಮಕ್ಕಳಲ್ಲಿ ಈ ಪ್ರಮಾಣ ಶೇಕಡ 5. ಕುಳಿತುಕೊಳ್ಳಲೂ ಆಗದ, ನಾಲ್ಕು ಕೈಕಾಲುಗಳೂ ಬಾಧಿತವಾದ, ಅಪಸ್ಮಾರವೂ ಇರುವ ಮಕ್ಕಳಿಗೆ ಅಪಾಯವು ಹೆಚ್ಚು.

ಇದರ ಪರಿಣಾಮಗಳಾದರೂ ಎಂಥವು? ಬೆಳಿಗ್ಗೆ ತಲೆನೋವಿನಿಂದ ಅಳುವುದು, ಹಗಲು ತೂಕಡಿಕೆ, ಇಲ್ಲವೆ ಕಾರಣವಿಲ್ಲದ ಕಿರಿಕಿರಿ, ಎಷ್ಟುಣಿಸಿದರೂ ತೂಕ ಹೆಚ್ಚದಿರುವುದು, ಫಿಟ್ಸ್ ಪದೇಪದೇ ಮರುಕಳಿಸುವುದು. ಬಹುಕಾಲ ಉಪೇಕ್ಷಿಸಿದರೆ ಹೃದಯದ ಬಲಭಾಗದ ಮೇಲೆ ಒತ್ತಡವೂ. ಇವುಗಳಲ್ಲಿ ಯಾವುದನ್ನು ವೈದ್ಯರ ಮುಂದಿಟ್ಟರೂ, "ಇಂಥ ಮಕ್ಕಳಿಗೆ ಇದು ಇದ್ದದ್ದೇ" ಎಂಬ ಉತ್ತರವು ದೊರೆಯುವ ಸಂಭವವೇ ಹೆಚ್ಚು. ನನ್ನ ಆಕ್ಷೇಪವಿರುವುದು ಈ ಉತ್ತರದ ಮೇಲೆಯೇ. ಮೊದಲನೆಯ ರೋಗವು ವಾಸಿಯಾಗತಕ್ಕದ್ದಲ್ಲವೆಂಬ ಕಾರಣದಿಂದ, ಎರಡನೆಯದನ್ನೂ ಅದರ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ವೈದ್ಯಕ್ಕೆ ಶೋಭಿಸತಕ್ಕದ್ದಲ್ಲ. ಮೆದುಳಿನ ಗಾಯವನ್ನು ಮಾಯಿಸಲಾರೆವು, ಆದರೆ ಗಂಟಲಿನ ದಾರಿಯನ್ನು ಬಹಳ ಮಕ್ಕಳಲ್ಲಿ ತೆರೆಯಬಲ್ಲೆವು. ರಾತ್ರಿಯ ನಿದ್ರೆಯು ಸುಧಾರಿಸಿದರೆ, ಹಗಲಿನ ಫಿಸಿಯೋಥೆರಪಿಗೆ ಮಗು ತೋರುವ ಉತ್ಸಾಹವೂ ಸುಧಾರಿಸುವುದು.

ಮನೆಯವರ ಪಾಲಿಗೂ ಕೆಲವು ಮಾತುಗಳುಂಟು. "ಗೊರಕಿ ಹೊಡೀತಾನ ನೋಡ್ರಿ, ಎಷ್ಟು ಚಂದ ನಿದ್ದಿ ಹತ್ತೈತಿ" ಎಂಬ ಅಜ್ಜಿಯ ಸಂತೋಷವು ನೆಗಡಿಯಿಲ್ಲದ ದಿನಗಳಲ್ಲಿಯೂ ಪ್ರತಿರಾತ್ರಿ ಗೊರೆಯುವ ಮಗುವಿಗೆ ಸಲ್ಲುವುದಿಲ್ಲ. ಹಳೆಯ ಸೀರೆಯನ್ನು ತೊಲೆಗೆ ಕಟ್ಟಿದ ಜೋಲಿಯಲ್ಲಿ ನಾಲ್ಕೈದು ವರುಷದ ಮಗುವನ್ನೂ ಮಲಗಿಸುವುದು ಈ ಸೀಮೆಯಲ್ಲಿ ಉಂಟು. ಸೆಟೆದ ಮೈ ಅದರಲ್ಲಿ ಬಾಗಿ ಮಗು ಬೇಗ ಶಾಂತವಾಗುವುದೇನೋ ನಿಜ, ಆದರೆ ಕತ್ತು ನಿಲ್ಲದ ಮಗುವಿನ ಗದ್ದವು ಎದೆಗೆ ಒತ್ತಿಕೊಂಡು ಗಂಟಲಿನ ದಾರಿಯು ಕಿರಿದಾಗುವುದೂ ಅಷ್ಟೇ ನಿಜ. ಮಲಗಿಸಿದ ಮೇಲೆ ಚಾಪೆಗೋ ಮಂಚಕ್ಕೋ ವರ್ಗಾಯಿಸಿ, ಬೆನ್ನಿಗೆ ಸುತ್ತಿದ ಕೌದಿಯನ್ನು ಆನಿಸಿ, ಮಗ್ಗುಲಾಗಿ ಮಲಗಿಸುವುದು ಉತ್ತಮ. ಎತ್ತರದ ದಿಂಬು ಬೇಡ. ಎಣ್ಣೆನೀರು ಹಾಕುವಾಗ ಮೂಗಿಗೆ ಎಣ್ಣೆ ಬಿಡುವ ಪದ್ಧತಿಯನ್ನು ಮಾತ್ರ ನಿಷ್ಠುರವಾಗಿಯೇ ನಿಷೇಧಿಸಬೇಕು: ಸರಿಯಾಗಿ ನುಂಗಲಾರದ ಮಗುವಿನಲ್ಲಿ ಅದು ಶ್ವಾಸಕೋಶಕ್ಕಿಳಿದು, ಬಿಡದ ನ್ಯುಮೋನಿಯಾವನ್ನುಂಟುಮಾಡುವುದು. ಸ್ನಾನಾನಂತರದ ಸಾಂಬ್ರಾಣಿ ಹೊಗೆ, ಬೀಡಿಯ ಹೊಗೆ, ಕೊಯ್ಲಿನ ತರುವಾಯ ಗದ್ದೆಯಲ್ಲಿ ಹುಲ್ಲು ಸುಡುವ ಹೊಗೆ, ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳು, ಇವೆಲ್ಲವೂ ಮೂಗಿನೊಳಗಣ ಪೊರೆಯನ್ನು ಕೆರಳಿಸಿ ಊದಿಸಬಲ್ಲವು. ಊರಿನ ಧೂಳನ್ನು ತಾಯಿಯೊಬ್ಬಳು ತಡೆಯಲಾರಳು, ಮನೆಯೊಳಗಿನ ಹೊಗೆಯನ್ನು ತಡೆಯಬಹುದು. ಸ್ನಾಯುಬಿಗಿತಕ್ಕೂ ಫಿಟ್ಸ್‌ಗೂ ಕೊಡುವ ಕೆಲವು ಔಷಧಿಗಳು ಗಂಟಲನ್ನೂ ಸಡಿಲಿಸುವುವು, ಜೊಲ್ಲನ್ನೂ ಹೆಚ್ಚಿಸುವುವು. ಅವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಪ್ರಮಾಣವನ್ನೂ ಹೊತ್ತನ್ನೂ ಬದಲಿಸಬಹುದೇ ಎಂದು ವೈದ್ಯರನ್ನು ಕೇಳತಕ್ಕದ್ದು.

2021ರ ಕೋವಿಡ್ ಅಲೆಯಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಮ್ಲಜನಕದ ಟ್ಯಾಂಕರುಗಳು ಹೊರಟ ದಿನಗಳಲ್ಲಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಈ ಪ್ರಾಂತದ ಮನೆಮನೆಯೂ ಕಂಡಿತು. ತೊಂಬತ್ತೈದಕ್ಕೆ ಮೇಲಿದ್ದರೆ ಕ್ಷೇಮವೆಂಬುದು ಎಲ್ಲರಿಗೂ ಬಾಯಿಪಾಠವಾಯಿತು. ಆ ಅರ್ಧ ತಿಳಿವಳಿಕೆಯೇ ಇಲ್ಲಿ ಮೋಸಗೊಳಿಸುವುದು. ಹಗಲು ಎಚ್ಚರವಿರುವ ಮಗುವಿನ ಬೆರಳಿನಲ್ಲಿ ತೊಂಬತ್ತೆಂಟು ತೋರಿದರೆ ರಾತ್ರಿಯ ವಿಷಯವು ತಿಳಿದಂತಾಗಲಿಲ್ಲ. ಬೇಕಾದುದು, ಇಡೀ ರಾತ್ರಿ ಕಾಲಿನ ಹೆಬ್ಬೆರಳಿಗೋ ಕೈಬೆರಳಿಗೋ ಕಟ್ಟಿ, ಏರಿಳಿತಗಳನ್ನು ದಾಖಲಿಸಿಕೊಳ್ಳುವ ಯಂತ್ರ. ಗುಂಪುಗುಂಪಾಗಿ ಆಮ್ಲಜನಕವು ಕುಸಿಯುವುದು ಅದರಲ್ಲಿ ಕಂಡರೆ ರೋಗವು ಬಹುಮಟ್ಟಿಗೆ ನಿಶ್ಚಿತ, ಕಾಣದಿದ್ದರೆ ಇಲ್ಲವೆನ್ನುವಂತಿಲ್ಲ. ಮೆದುಳಿನ ಅಲೆ, ಕಣ್ಣಿನ ಚಲನೆ, ಮೂಗಿನ ಗಾಳಿ, ಎದೆ ಹೊಟ್ಟೆಗಳ ಶ್ರಮ, ಇಂಗಾಲಾಮ್ಲದ ಪ್ರಮಾಣ, ಇವೆಲ್ಲವನ್ನೂ ಒಟ್ಟಿಗೆ ಅಳೆಯುವ ಪೂರ್ಣ ನಿದ್ರಾಪರೀಕ್ಷೆಯೇ ಪ್ರಮಾಣಭೂತವಾದುದು. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಯ ನಿದ್ರಾಪ್ರಯೋಗಾಲಯ ಬೇಕು. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿಯ ಪ್ರಯಾಣ, ತಲೆಗೆ ತಂತಿಗಳನ್ನಂಟಿಸಿಕೊಂಡು ಅಪರಿಚಿತ ಕೋಣೆಯಲ್ಲಿ ಮತ್ತೊಂದು ರಾತ್ರಿ. ಎಲ್ಲರಿಗೂ ಇದು ಸಾಧ್ಯವಲ್ಲ, ಎಲ್ಲರಿಗೂ ಅವಶ್ಯವೂ ಅಲ್ಲ. ಬೆಳಗಿನ ಜಾವದಲ್ಲಿ ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೋ, ಬರಿಯ ಎದೆಯೂ ಮುಖವೂ ಕಾಣುವಂತೆ, ಸದ್ದೂ ಕೇಳುವಂತೆ ಇದ್ದರೆ, ಬಳ್ಳಾರಿಯಲ್ಲಿ 1961ರಲ್ಲಿ ಸ್ಥಾಪಿತವಾಗಿ ವಿಮ್ಸ್ ಎಂದು ಜನಜನಿತವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ, ಹುಬ್ಬಳ್ಳಿಯ ಕಿಮ್ಸ್‌ನಲ್ಲಾಗಲಿ, ಮಕ್ಕಳ ವೈದ್ಯರೂ ಕಿವಿ-ಮೂಗು-ಗಂಟಲಿನ ತಜ್ಞರೂ ಅದರಿಂದ ಬಹಳಷ್ಟನ್ನು ಗ್ರಹಿಸಬಲ್ಲರು.

ಚಿಕಿತ್ಸೆಯಲ್ಲಿ ಮೊದಲನೆಯದು, ಊದಿದ ಟಾನ್ಸಿಲ್ ಅಡಿನಾಯ್ಡ್‌ಗಳನ್ನು ತೆಗೆದುಹಾಕುವುದು. ಉಳಿದ ಮಕ್ಕಳಲ್ಲಿ ಇದರಿಂದ ಬಹುಪಾಲು ಗುಣವಾಗುವುದು. ಸೆರೆಬ್ರಲ್ ಪಾಲ್ಸಿಯವರಲ್ಲಿ ಗಂಟಲಿನ ಸಡಿಲಿಕೆಯು ಹಾಗೆಯೇ ಉಳಿಯುವುದರಿಂದ ಫಲವು ಅಷ್ಟು ನಿಶ್ಚಿತವಲ್ಲ, ಆದರೂ ಗಣನೀಯ. ಅದರಿಂದಲೂ ಸಾಲದಿದ್ದರೆ, ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಪಡಿಸಿದ ಉಪಾಯವುಂಟು: ಮೂಗಿಗೆ ಮುಸುಕನ್ನು ತೊಡಿಸಿ, ಚಿಕ್ಕ ಯಂತ್ರದಿಂದ ಹಗುರವಾದ ಒತ್ತಡದಲ್ಲಿ ಗಾಳಿಯನ್ನು ಬಿಡುತ್ತ, ಗಂಟಲು ಕುಸಿಯದಂತೆ ಒಳಗಿನಿಂದಲೇ ಉಬ್ಬಿಸಿ ಹಿಡಿಯುವುದು. ಸಿಪ್ಯಾಪ್ ಎನ್ನುವ ಈ ಯಂತ್ರಕ್ಕೆ ರಾತ್ರಿಯಿಡೀ ವಿದ್ಯುತ್ತು ಬೇಕು. ಅಣೆಕಟ್ಟಿನ ಪಕ್ಕದಲ್ಲಿಯೇ ವಿದ್ಯುತ್ತು ತಯಾರಾಗುತ್ತಿದ್ದರೂ ಹಳ್ಳಿಯಲ್ಲಿ ಕರೆಂಟು ಹೋಗುವುದು ಹೋಗಿಯೇ ಹೋಗುವುದು, ಆದುದರಿಂದ ಇನ್ವರ್ಟರಿನ ಖರ್ಚನ್ನೂ ಸೇರಿಸಿಯೇ ಎಣಿಸಬೇಕು. ಮುಸುಕಿಗೆ ಮಗುವನ್ನು ಹಗಲಿನ ಆಟದಲ್ಲಿಯೇ ಒಗ್ಗಿಸುತ್ತ ಬಂದರೆ ಕೆಲವು ವಾರಗಳಲ್ಲಿ ಒಪ್ಪಿಕೊಳ್ಳುವುದು. ಒಪ್ಪದ ಮಕ್ಕಳೂ ಉಂಟು. ದಾರಿಯನ್ನು ತೆರೆಯದೆ ಬರಿಯ ಆಮ್ಲಜನಕವನ್ನು ಮೂಗಿಗೆ ಬಿಡುವುದರಿಂದ ಆಕ್ಸಿಮೀಟರಿನ ಅಂಕಿಯು ಏರಬಹುದು, ರಕ್ತದಲ್ಲಿ ಇಂಗಾಲಾಮ್ಲವೂ ಒಳಗೊಳಗೇ ಏರಬಹುದು. ಕೊರಳಿನಲ್ಲಿ ರಂಧ್ರಮಾಡುವ ಶಸ್ತ್ರಕ್ರಿಯೆಯು ಉಳಿದೆಲ್ಲ ಉಪಾಯಗಳೂ ವಿಫಲವಾದವರಿಗೆ ಮೀಸಲು.

ಹಣದ ಮಾತನ್ನೂ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಹೆಸರಿಸಿದ 21 ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಸೇರಿದೆ. 1999ರ ಕಾಯ್ದೆಯಿಂದ ಸ್ಥಾಪಿತವಾದ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ವರುಷಕ್ಕೆ 1 ಲಕ್ಷ ರೂಪಾಯಿಯವರೆಗೆ ವೈದ್ಯವೆಚ್ಚಕ್ಕೆ ಅವಕಾಶವುಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸುವುವು. ಆದರೆ ನಾವು ಹೇಳುತ್ತಿರುವ ಮಗು ಅಂಗನವಾಡಿಗೆ ಹೋಗುವ ಮಗುವಲ್ಲ, ನಡುಮನೆಯ ಚಾಪೆಯ ಮೇಲೆ ಮಲಗಿರತಕ್ಕದ್ದು. ಅದರ ಮನೆಬಾಗಿಲಿಗೆ ಹೋಗುವವರು ಗ್ರಾಮಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಆಶಾ ಕಾರ್ಯಕರ್ತೆಯರು, ಮನೆಯಾಧಾರಿತ ಶಿಕ್ಷಣಕ್ಕಾಗಿ ಬರುವ ಸಂಪನ್ಮೂಲ ಶಿಕ್ಷಕರು. ಪಿಂಚಣಿ ಬಂದಿತೇ, ಗಾಲಿಕುರ್ಚಿ ಸಿಕ್ಕಿತೇ ಎಂದು ಅವರು ಕೇಳುವ ಪ್ರಶ್ನೆಗಳ ಜೊತೆಗೆ, ರಾತ್ರಿ ಉಸಿರು ಹೇಗಿರುತ್ತದೆ ಎಂಬುದೊಂದನ್ನೂ ಸೇರಿಸಿಕೊಳ್ಳಬೇಕೆಂದು ನನ್ನ ಬಿನ್ನಹ.

ತಾಯಿತಂದೆಗಳಲ್ಲಿ ಇನ್ನೊಂದು ಬಿನ್ನಹವುಂಟು. ಟಾನ್ಸಿಲ್ ಶಸ್ತ್ರಕ್ರಿಯೆಯೆಂದರೆ ಬೆಳಿಗ್ಗೆ ಸೇರಿ ಸಂಜೆಗೆ ಮರಳುವ ಸಣ್ಣ ಕೆಲಸವೆಂಬ ಭಾವನೆಯು ನಮ್ಮಲ್ಲಿ ಬೇರೂರಿದೆ. ಸೆರೆಬ್ರಲ್ ಪಾಲ್ಸಿಯುಳ್ಳ ಮಗುವಿನಲ್ಲಿ ಶಸ್ತ್ರಕ್ರಿಯೆಯ ಅನಂತರದ ಮೊದಲ ರಾತ್ರಿಯೇ ಉಸಿರಾಟದ ತೊಡಕುಗಳು ಹೆಚ್ಚು. ಆದುದರಿಂದ ದಿನವನ್ನು ಗೊತ್ತುಮಾಡುವುದಕ್ಕೆ ಮೊದಲೇ, ಆ ರಾತ್ರಿ ಮಗುವಿನ ಆಮ್ಲಜನಕವನ್ನು ಬೆಳಗಾಗುವವರೆಗೂ ನೋಡುವವರು ಯಾರು, ಮಕ್ಕಳ ತೀವ್ರನಿಗಾ ಘಟಕವು ಆ ಆಸ್ಪತ್ರೆಯಲ್ಲಿ ಉಂಟೇ ಎಂದು ಕೇಳಿರಿ. ಉತ್ತರವು ಸ್ಪಷ್ಟವಾಗಿಲ್ಲವಾದರೆ, ಹತ್ತಿರವೆಂಬ ಕಾರಣಕ್ಕಾಗಿ ಅಲ್ಲಿಯೇ ಒಪ್ಪಿಕೊಳ್ಳದೆ, ಬಳ್ಳಾರಿಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿರಿ.